ಹಣದ ಪಾಠ: ಎಚ್ಚರವೋ, ಧೈರ್ಯವೋ?

ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕುಳಿತವನಿಗೆ ಜನರ ಮುಖಗಳಿಗಿಂತ ಅವರ ಕೈಗಳ ಪರಿಚಯವೇ ಹೆಚ್ಚು. ಗಾಜಿನ ಕೆಳಗಿನ ಕಿಂಡಿಯಿಂದ ಒಳಗೆ ಬರುವುದು ಕೈ ಮಾತ್ರ. ಗುಲಾಬಿ ತೋಟದಲ್ಲಿ ಮುಳ್ಳು ಗೀರಿದ ಕೈ, ಕಾರ್ಖಾನೆಯ ಎಣ್ಣೆಯ ಕಪ್ಪು ಉಗುರಿನಲ್ಲಿ ಉಳಿದ ಕೈ, ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುವ ಕೈ. ಈ ಎಲ್ಲ ಕೈಗಳಲ್ಲೂ ಒಂದು ಗುಣವನ್ನು ನಾನು ಕಂಡಿದ್ದೇನೆ. ಹಣವನ್ನು ಕೊಡುವಾಗ ಅವು ಅಳುಕುವುದಿಲ್ಲ, ಕಾಗದವನ್ನು ಕೊಡುವಾಗ ಅಳುಕುತ್ತವೆ.

“ಸಾರ್, ಇದೊಂದು ಬರೆದು ಕೊಡ್ತೀರಾ?” ಎಂದು ಚಲನ್ ಚಾಚುವವರಲ್ಲಿ ಅಕ್ಷರ ಬಾರದ ಅಜ್ಜಿಯಂದಿರು ಈಗ ಕಡಿಮೆ. ಹೆಚ್ಚಿನವರು ಶಾಲೆ ಮುಗಿಸಿದ, ಕೆಲವೊಮ್ಮೆ ಕಾಲೇಜನ್ನೂ ಮುಗಿಸಿದ ಹುಡುಗ ಹುಡುಗಿಯರು. ಬರೆಯಲು ಬರುವುದಿಲ್ಲವೆಂದಲ್ಲ, ತಪ್ಪು ಬರೆದರೆ ಏನಾಗುತ್ತದೋ ಎಂಬ ಭಯ. ಈ ಭಯ ಎಲ್ಲಿಂದ ಬಂತು, ಅದನ್ನು ಕಳೆಯುವ ಹೊಣೆ ಯಾರದು, ಕಳೆಯುವುದು ಎಲ್ಲ ಸಂದರ್ಭದಲ್ಲೂ ಒಳ್ಳೆಯದೇ ಎಂಬ ಪ್ರಶ್ನೆಗಳು ಕೆಲವು ಕಾಲದಿಂದ ನನ್ನನ್ನು ಕಾಡುತ್ತಿವೆ. ಗಡಿಯ ಈ ತುದಿಯಲ್ಲಿರುವ ನಾನು ಅವನ್ನು ಗಡಿಯ ಆ ತುದಿಯಲ್ಲಿರುವ ಕಾಸರಗೋಡಿನ ಬಂಧುಗಳ ಮುಂದೆ ಇಡಬೇಕೆಂದು ಈ ಬರಹ.

ನಮ್ಮ ಮತ್ತಿಗಿರಿ ಹೊಸೂರಿಗೆ ತಾಗಿದ ಊರು. ಹಳಬರಿಗೆ ಇದು ಜಾನುವಾರು ಫಾರಮ್ಮಿನ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರಿನ ಸೀಮೆ ತಮಿಳುನಾಡಿಗೇ ಉಳಿಯಿತು. 2004ರಲ್ಲಿ ಧರ್ಮಪುರಿಯಿಂದ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಲಾರಿ, ಮೋಟಾರ್ ಸೈಕಲ್, ಕೈಗಡಿಯಾರ, ಈಚೆಗೆ ಎಲೆಕ್ಟ್ರಾನಿಕ್ಸ್ ಎಂದು ಕಾರ್ಖಾನೆಗಳು ಬೆಳೆದವು. ಅಪ್ಪ ರಾಗಿ ಹೊಲದಲ್ಲಿ ವರ್ಷಕ್ಕೊಮ್ಮೆ ಕಂಡ ದುಡ್ಡನ್ನು ಹತ್ತೊಂಬತ್ತರ ಮಗಳು ಈಗ ತಿಂಗಳ ಮೊದಲ ವಾರದಲ್ಲಿ ಕಾಣುತ್ತಾಳೆ. ಆ ದುಡ್ಡು ಅವಳ ಕೈಗೆ ಬರುವುದಿಲ್ಲ, ಖಾತೆಗೆ ಬರುತ್ತದೆ. ಅಲ್ಲಿಂದ ಫೋನಿಗೆ ಒಂದು ಸಂದೇಶ ಬರುತ್ತದೆ. ಆ ಸಂದೇಶದ ಹಿಂದೆಯೇ ಸಾಲ ಬೇಕೇ, ಕಾರ್ಡ್ ಬೇಕೇ, ವಿಮೆ ಬೇಕೇ ಎಂದು ಹತ್ತು ಸಂದೇಶಗಳು ಬರುತ್ತವೆ.

ಹೀಗಿರುವಾಗ, ಕನ್ನಡ ಶಾಲೆಯೊಂದರ ಮೇಷ್ಟರು ನನ್ನಲ್ಲಿಗೆ ಬಂದರು. “ನೀವು ಬ್ಯಾಂಕಿನವರು, ಬರೆಯುವ ಹವ್ಯಾಸವೂ ಇದೆ. ನಮ್ಮಲ್ಲಿ ಓದಿ ಹೊರಗೆ ಹೋದ ಮಕ್ಕಳಿಗೆ ಹಣದ ವಿಷಯದಲ್ಲಿ ಧೈರ್ಯ ಬರುವಂತೆ ಹದಿನಾರು ಪುಟದ ಒಂದು ಪುಸ್ತಿಕೆ ಮಾಡಿಕೊಡಿ” ಎಂದರು. ನನಗೆ ಹೆಮ್ಮೆಯೇ ಆಯಿತು. ಒಂದು ಭಾನುವಾರದಲ್ಲಿ ಬರೆದು ಮುಗಿಸಿದೆ. ಹನಿ ಹನಿ ಕೂಡಿದರೆ ಹಳ್ಳ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗಳು. ಉಳಿತಾಯ ಖಾತೆ ಎಂದರೇನು, ಠೇವಣಿ ಎಂದರೇನು ಎಂಬ ವಿವರಣೆಗಳು. ಕೊನೆಯಲ್ಲಿ “ಮೋಸ ಹೋಗುವವರು ಆಸೆಬುರುಕರು” ಎಂಬ ಬುದ್ಧಿಮಾತು. ಓದಿ ನೋಡಿದಾಗ ನನಗೆ ಅದು ಚೆನ್ನಾಗಿಯೇ ಕಂಡಿತು.

ಅದೇ ತಿಂಗಳು ಒಂದು ಮಧ್ಯಾಹ್ನ, ಕೌಂಟರಿನಲ್ಲಿ ಕುಳಿತಿದ್ದಾಗಲೇ, ನನ್ನ ಫೋನಿಗೆ ಗುರುತಿಲ್ಲದ ನಂಬರಿನಿಂದ ಒಂದು ಚಿತ್ರ ಬಂತು. ನನ್ನ ಅಕ್ಕನ ಮಗನ ಫೋಟೋ. ಕೆಳಗೆ “ಇವನು ಕಳ್ಳ, ಸಾಲ ತೀರಿಸದೆ ಓಡಿದ್ದಾನೆ” ಎಂಬ ಬರಹ. ಸಂಜೆ ಅಕ್ಕ ಮನೆಬಾಗಿಲಿಗೆ ಬಂದಳು. ಹುಡುಗ ಎರಡು ರಾತ್ರಿಯಿಂದ ಮನೆಗೆ ಬಂದಿರಲಿಲ್ಲ. ದೆಂಕಣಿಕೋಟೆಯಲ್ಲಿ ಅವನ ಸ್ನೇಹಿತನ ಕೋಣೆಯಲ್ಲಿ ಸಿಕ್ಕಿದ. ಆ ಎರಡು ರಾತ್ರಿ ಅವನು ಏನೇನು ಯೋಚಿಸಿದ್ದ ಎಂಬುದನ್ನು ಇಲ್ಲಿ ಬರೆಯಲಾರೆ. ಬದುಕಿ ಸಿಕ್ಕಿದ, ಅಷ್ಟು ಸಾಕು.

ನಡೆದದ್ದು ಇಷ್ಟು. ಫೋನಿನ ಒಂದು ಆ್ಯಪ್‌ನಲ್ಲಿ ಐದು ಸಾವಿರ ಸಾಲ ಕೇಳಿದ್ದ. ‘ಖರ್ಚು’ ಮುರಿದುಕೊಂಡು ಕೈಗೆ ಬಂದದ್ದು ಮೂರೂವರೆ ಸಾವಿರ. ಏಳು ದಿನದಲ್ಲಿ ಐದು ಸಾವಿರ ಕಟ್ಟಬೇಕು. ಎಂದರೆ ವಾರಕ್ಕೆ ನೂರಕ್ಕೆ ಸುಮಾರು 43 ರೂಪಾಯಿ ಬಡ್ಡಿ. ಅದನ್ನು ಕಟ್ಟಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಮೂರು ತಿಂಗಳಲ್ಲಿ ಕೈಗೆ ಬಂದದ್ದು ಒಟ್ಟು ಮೂವತ್ತು ಸಾವಿರಕ್ಕಿಂತ ಕಡಿಮೆ. ಕಟ್ಟಿದ್ದು ಅರವತ್ತು ಸಾವಿರ ದಾಟಿತ್ತು. ಬಾಕಿ ಇನ್ನೂ ಇತ್ತು. ಅಕ್ಕನ ಬಳೆ ಅಡವಿಗೆ ಹೋಯಿತು.

“ನಾನೊಬ್ಬ ಬ್ಯಾಂಕಿನಲ್ಲೇ ಇದ್ದೀನಲ್ಲೋ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದೆ. ಅವನು ತಲೆ ಎತ್ತಲಿಲ್ಲ. “ಎರಡು ಸಲ ಬಂದಿದ್ದೆ ಮಾಮಾ. ಬ್ಯಾಂಕಿನ ಬಾಗಿಲವರೆಗೂ ಬಂದಿದ್ದೆ. ಒಳಗೆ ನೀವು ಒಬ್ಬರಿಗೆ ‘ಇಷ್ಟೂ ಗೊತ್ತಿಲ್ವೇನ್ರಿ’ ಅಂತ ಹೇಳ್ತಾ ಇದ್ರಿ. ವಾಪಸ್ ಹೋದೆ.”

ಆ ರಾತ್ರಿ ನನ್ನ ಹದಿನಾರು ಪುಟಗಳನ್ನು ತೆಗೆದು ಮತ್ತೆ ಓದಿದೆ. ಅದರಲ್ಲಿದ್ದ ಯಾವ ವಾಕ್ಯವೂ ಸುಳ್ಳಲ್ಲ. ಆದರೆ ಅದನ್ನು ಓದಿದ ಹುಡುಗ ಇನ್ನಷ್ಟು ಮುಚ್ಚಿಡುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಪುಟ ಪುಟದಲ್ಲೂ ಇದ್ದದ್ದು ಕೌಂಟರಿನ ಹಿಂದಿನಿಂದ ನಾನು ಆಡಿದ ಆ ಒಂದೇ ಮಾತು: ಇಷ್ಟೂ ಗೊತ್ತಿಲ್ಲವೇ?

ಇಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಿ ನೋಡಬೇಕು. ಎಳೆಯರಿಗೆ ಹಣದ ವಿಷಯದಲ್ಲಿ ಕೊರತೆಯಾಗಿರುವುದು ತಿಳಿವಳಿಕೆಯೋ, ಧೈರ್ಯವೋ? ತಿಳಿವಳಿಕೆ ಕಡಿಮೆಯೆಂಬುದಕ್ಕೆ ಲೆಕ್ಕವಿದೆ. ಹಣಕಾಸು ಶಿಕ್ಷಣದ ರಾಷ್ಟ್ರೀಯ ಕೇಂದ್ರವು 2019ರಲ್ಲಿ ನಡೆಸಿದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಹಣಕಾಸಿನ ಸಾಕ್ಷರತೆ ಇದ್ದವರು ನೂರಕ್ಕೆ 27. ಅದಕ್ಕಾಗಿ ಪಾಠಗಳೂ ಬಂದಿವೆ. ರಿಸರ್ವ್ ಬ್ಯಾಂಕ್ ಮಕ್ಕಳಿಗೆ ಚಿತ್ರಕಥೆಗಳನ್ನು ತಂದಿತು. ಮೋಸದ ಬಗೆಗಳನ್ನು ವಿವರಿಸುವ ಪುಸ್ತಿಕೆಗಳನ್ನು 2022ರಲ್ಲಿ ಹೊರಡಿಸಿತು. ಇವೆಲ್ಲ ಬೇಕಾದವೇ. ಆದರೆ ಪಾಠದಿಂದ ನಡತೆ ಎಷ್ಟು ಬದಲಾಗುತ್ತದೆ? ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮೂವರು ವಿದ್ವಾಂಸರು 2014ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಜನ ಹಣವನ್ನು ನಿಭಾಯಿಸುವ ರೀತಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂಥ ಶಿಕ್ಷಣದ ಪಾಲು ಸಾವಿರಕ್ಕೆ ಒಂದರಷ್ಟು ಮಾತ್ರ ಎಂಬುದು ಅದರ ಸಾರ. ಕಲಿತದ್ದು ಕಾಲ ಕಳೆದಂತೆ ಮಾಸುತ್ತದೆ. ಬೇಕಾದ ಹೊತ್ತಿಗೆ, ಬೇಕಾದಷ್ಟು ಹೇಳಿದರೆ ಹೆಚ್ಚು ಪ್ರಯೋಜನ ಎಂದು ಅವರ ಅಭಿಪ್ರಾಯ.

ಹಾಗಾದರೆ ಧೈರ್ಯವನ್ನೇ ಕೊಡೋಣವೆಂದರೆ, ಅದಕ್ಕೂ ಅಡ್ಡಿಯಿದೆ. ಧೈರ್ಯ ಮಾತ್ರ ಇದ್ದು ತಿಳಿವಳಿಕೆ ಇಲ್ಲದವನು ಅಳುಕುವವನಿಗಿಂತ ಬೇಗ ಮುಳುಗುತ್ತಾನೆ. ಸಾಲದ ಆ್ಯಪ್ ನನ್ನ ಸೋದರಳಿಯನಿಗೆ ಕೊಟ್ಟದ್ದೂ ಒಂದು ಬಗೆಯ ಧೈರ್ಯವೇ. ಜಾಮೀನು ಬೇಡ, ಕಾಗದ ಬೇಡ, ಯಾರ ಮುಂದೆಯೂ ನಿಲ್ಲಬೇಕಿಲ್ಲ, ಎರಡು ನಿಮಿಷದಲ್ಲಿ ಹಣ. ಬ್ಯಾಂಕಿನಲ್ಲಿ ಸಿಗದ ಮರ್ಯಾದೆ ಅವನಿಗೆ ಅಲ್ಲಿ ಸಿಕ್ಕಿತು, ಏಳು ದಿನದ ಮಟ್ಟಿಗೆ. ಎಳೆಯರಲ್ಲಿ ಧೈರ್ಯ ತುಂಬುತ್ತೇವೆನ್ನುವ ಎಲ್ಲರೂ ಅವರ ಹಿತೈಷಿಗಳಲ್ಲ. ಮಾರುವವನಿಗೂ ಕೊಳ್ಳುವವನ ಧೈರ್ಯ ಬೇಕು.

ಆದ್ದರಿಂದ ಧೈರ್ಯ ಎಂಬ ಮಾತಿನಲ್ಲೇ ಎರಡು ಅರ್ಥಗಳಿವೆ ಎಂದು ನನಗೆ ತೋರುತ್ತದೆ. ಒಂದು, ಸಹಿ ಹಾಕುವ ಧೈರ್ಯ. ಇನ್ನೊಂದು, ಸಹಿ ಹಾಕದೆ ಕಾಗದವನ್ನು ಮನೆಗೆ ಒಯ್ಯುವ ಧೈರ್ಯ. “ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ” ಎನ್ನುವ ಧೈರ್ಯ ಎರಡನೆಯದಕ್ಕೆ ಸೇರಿದ್ದು. ಮೊದಲನೆಯದನ್ನು ಕಲಿಸಲು ಊರಿಡೀ ಜಾಹೀರಾತು ಇದೆ. ಎರಡನೆಯದನ್ನು ಕಲಿಸುವವರು ಕಡಿಮೆ, ಏಕೆಂದರೆ ಅದರಿಂದ ಯಾರಿಗೂ ಕಮಿಷನ್ ಬರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಫೋನ್ ಕೊಳ್ಳಲು 12,000 ರೂಪಾಯಿ ಸಾಲ. “ನೂರಕ್ಕೆ ವರ್ಷಕ್ಕೆ ಹನ್ನೆರಡೇ ಬಡ್ಡಿ” ಎನ್ನುತ್ತಾರೆ. ಬಡ್ಡಿ 1,440 ಸೇರಿ 13,440. ತಿಂಗಳಿಗೆ 1,120 ರಂತೆ 12 ಕಂತು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಪ್ರತಿ ಕಂತಿನಲ್ಲೂ ಅಸಲು ಕರಗುತ್ತದೆ, ಆರು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ತೀರಿರುತ್ತದೆ. ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 12,000ಕ್ಕೆ ಬೀಳುತ್ತದೆ. ಉಳಿದ ಅಸಲಿಗೆ ಮಾತ್ರ ಲೆಕ್ಕ ಹಾಕಿದರೆ ನಿಜವಾದ ದರ ಹನ್ನೆರಡಲ್ಲ, ಸುಮಾರು ಇಪ್ಪತ್ತೊಂದೂವರೆ. ಈ ಗಣಿತವನ್ನು ಪ್ರತಿ ಹುಡುಗಿಯೂ ಮಾಡಬಲ್ಲಳಾಗಬೇಕೆಂದು ನಾನು ಹೇಳುವುದಿಲ್ಲ. “ಈ ಬಡ್ಡಿ ಪೂರ್ತಿ ಸಾಲಕ್ಕೋ, ಉಳಿದ ಅಸಲಿಗೋ?” ಎಂಬ ಒಂದು ಪ್ರಶ್ನೆ ಅವಳ ನಾಲಗೆಯ ಮೇಲೆ ಇದ್ದರೆ ಸಾಕು. ಉತ್ತರ ಹೇಳಬೇಕಾದವರು ಎದುರು ಕುಳಿತವರು.

ಈಗ ಭಾಷೆಯ ಮಾತು. ಗಿರಾಕಿಗಳು ಬಳಸುವ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ, ಹೀಗೆ ಮೂರು ಭಾಷೆಗಳಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ನ್ಯಾಯವಾದ ಸೂಚನೆಯೇ. ಆದರೆ ನಮ್ಮಲ್ಲಿ ಆ ಮೂರನೆಯ ಭಾಷೆ ತಮಿಳು, ನಿಮ್ಮಲ್ಲಿ ಮಲಯಾಳ. ಗಡಿಯ ಮನೆಗಳಲ್ಲಿ ಮೂರು ಭಾಷೆಗಳ ಚಲನಿನಲ್ಲೂ ತಾಯಿಯ ಭಾಷೆ ಇರುವುದಿಲ್ಲ. ನಮ್ಮ ಎಳೆಯರು ತಮಿಳು ಓದಬಲ್ಲರು. 2006ರ ಕಾಯಿದೆಯ ನಂತರ ಶಾಲೆಯಲ್ಲಿ ಅದು ಕಡ್ಡಾಯವೂ ಹೌದು. ಓದಲು ಬರುವುದೇ ಬೇರೆ, ಆ ಭಾಷೆಯಲ್ಲಿ ಚೌಕಾಸಿ ಮಾಡಲು, ಅನುಮಾನ ಹೇಳಲು, ಕೋಪಿಸಿಕೊಳ್ಳಲು ಬರುವುದೇ ಬೇರೆ. ಸಂಜೆ ಮನೆಯಲ್ಲಿ ಅಮ್ಮನ ಎದುರು ಆ ಕಾಗದವನ್ನು ಇಟ್ಟು “ಏನು ಮಾಡೋಣಮ್ಮ?” ಎಂದು ಕೇಳುವುದಂತೂ ಕನ್ನಡದಲ್ಲೇ.

ಇಲ್ಲಿ ನಮಗೆ ಉಪಯೋಗಕ್ಕೆ ಬರುವ ಒಂದು ನಿಯಮವಿದೆ. 2024ರ ಅಕ್ಟೋಬರ್ 1ರಿಂದ, ಬ್ಯಾಂಕಾಗಲಿ ಹಣಕಾಸು ಕಂಪೆನಿಯಾಗಲಿ ಜನಸಾಮಾನ್ಯರಿಗೆ ಅವಧಿ ಸಾಲ ಕೊಡುವಾಗ, ಸಾಲದ ಮುಖ್ಯ ಸಂಗತಿಗಳನ್ನೆಲ್ಲ ಒಂದು ಹೇಳಿಕೆಯಾಗಿ ಬರೆದು ಕೊಡಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಆ ಹೇಳಿಕೆ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಬೇಕು. ಗಮನಿಸಿ, ರಾಜ್ಯದ ಭಾಷೆ ಎಂದಿಲ್ಲ, ಅರ್ಥವಾಗುವ ಭಾಷೆ ಎಂದಿದೆ. ಮತ್ತಿಗಿರಿಯಲ್ಲೂ ಮಂಜೇಶ್ವರದಲ್ಲೂ ಕನ್ನಡದವಳೊಬ್ಬಳು “ನನಗೆ ಕನ್ನಡದಲ್ಲಿ ಕೊಡಿ” ಎಂದು ಕೇಳಬಹುದು. ಕೇಳಿದ ದಿನವೇ ಸಿಗುತ್ತದೆಂದು ನಾನು ಆಶ್ವಾಸನೆ ಕೊಡಲಾರೆ. ಆದರೆ ಯಾರೂ ಕೇಳದ ನಿಯಮ ಕಡತದಲ್ಲೇ ಉಳಿಯುತ್ತದೆ. ಭಾಷೆಯ ಅಭಿಮಾನವನ್ನು ನಾವು ಸಭೆಗಳಲ್ಲಿ ಆಡಿದ್ದೇವೆ. ಸಾಲದ ಕಾಗದದಲ್ಲಿ ಕೇಳಿದವರು ಎಷ್ಟು ಮಂದಿ?

ಇನ್ನು ನನ್ನ ಮೊದಲ ಪುಸ್ತಿಕೆಯ ಇನ್ನೊಂದು ತಪ್ಪು. ನಮ್ಮ ಜನಕ್ಕೆ ಹಣದ ವಿಷಯ ಗೊತ್ತೇ ಇಲ್ಲವೆಂದು ನಾನು ಎಣಿಸಿದ್ದೆ. ನನ್ನ ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಪ್ಪತ್ತು ಮಂದಿಯ ಚೀಟಿಯನ್ನು ಹಲವು ವರ್ಷ ನಡೆಸಿದವಳು. ತಿಂಗಳಿಗೆ ಸಾವಿರದಂತೆ ಇಪ್ಪತ್ತು ಸಾವಿರದ ಚೀಟಿ, ಕೂಗಿನಲ್ಲಿ ತಳ್ಳುವುದೆಷ್ಟು, ತಲೆಗೆ ಬರುವ ಲಾಭವೆಷ್ಟು ಎಂಬುದನ್ನು ಬಾಯಲ್ಲೇ ಹೇಳುತ್ತಾಳೆ. ನಿಮ್ಮ ಕಡೆ ಅದು ಕುರಿ. ಕೇರಳ ಸರ್ಕಾರವೇ 1969ರಿಂದ ಒಂದು ಸಂಸ್ಥೆ ಮಾಡಿ ಅದನ್ನು ನಡೆಸುತ್ತಿದೆ. ಚೀಟಿಗೆ 1982ರ ಕೇಂದ್ರ ಕಾಯಿದೆ ಇದೆ, ನಡೆಸುವವನ ಕಮಿಷನ್ನಿನ ಮಿತಿಯನ್ನು 2019ರಲ್ಲಿ ನೂರಕ್ಕೆ ಐದರಿಂದ ಏಳಕ್ಕೆ ಏರಿಸಿದರು ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ, ನಿಜ. ನೋಂದಣಿಯಿಲ್ಲದ ಚೀಟಿಯಲ್ಲಿ ಹಣ ಮುಳುಗಿದರೆ ಕೇಳುವವರಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಬೇಕಾದದ್ದೂ ನಿಜ. ಆದರೆ ಯಾರನ್ನು ನಂಬಬೇಕು, ಯಾರಿಗೆ ಎಷ್ಟು ಕೊಟ್ಟರೆ ತೀರಿಸುತ್ತಾರೆ ಎಂಬ ವಿದ್ಯೆಯಲ್ಲಿ ಅವಳು ನನಗಿಂತ ಮುಂದೆ. ಇಂಥ ಮನೆಯ ಮಗನಿಗೆ ಹಣದ ಪಾಠ ಹೇಳುವವನು, ಅವನ ತಾಯಿಗೆ ಏನು ಗೊತ್ತಿದೆ ಎಂಬಲ್ಲಿಂದ ಆರಂಭಿಸಬೇಕು. ತಾಯಿಯ ತಿಳಿವಳಿಕೆಯನ್ನು ಅಜ್ಞಾನವೆಂದು ಅಳಿಸಿ, ಮಗನಿಗೆ ಹೊಸ ಧೈರ್ಯ ಕಟ್ಟಲಾಗದು.

ಕೆಲವು ಓದುಗರು ಕೇಳಬಹುದು: ಕೈಯಲ್ಲಿ ಕಾಸೇ ಇಲ್ಲದವರಿಗೆ ಹಣದ ಪಾಠವೇಕೆ? ಸಂಬಳ ತಿಂಗಳ ಇಪ್ಪತ್ತಕ್ಕೆ ಮುಗಿಯುವವನಿಗೆ ಉಳಿತಾಯ ಬೋಧಿಸುವುದು ಅಣಕವಲ್ಲವೇ? ಈ ಆಕ್ಷೇಪ ತೂಕದ್ದು. ಬಡತನವನ್ನು ಬಡವನ ದಡ್ಡತನವೆಂದು ತೋರಿಸುವ ಪಾಠ ಅನ್ಯಾಯದ ಪಾಠ. ಜನ ಮೀಟರ್ ಬಡ್ಡಿಗೆ ಬೀಳುವುದು ಗುಣಾಕಾರ ಬಾರದ್ದಕ್ಕಲ್ಲ, ಆಸ್ಪತ್ರೆಗೆ ಆ ರಾತ್ರಿಯೇ ಹಣ ಬೇಕಾದ್ದಕ್ಕೆ. ಅದಕ್ಕೆ ಮದ್ದು ಪುಸ್ತಿಕೆಯಲ್ಲಿಲ್ಲ. ಅದಕ್ಕೆ ಕಾಯಿದೆ ಬೇಕು, ನ್ಯಾಯವಾದ ಸಾಲ ಬೇಕು. ತಮಿಳುನಾಡಿನಲ್ಲಿ 2003ರಲ್ಲೇ ದಿನ ವಡ್ಡಿ, ಕಂದು ವಡ್ಡಿ, ಮೀಟರ್ ವಡ್ಡಿಗಳನ್ನು ನಿಷೇಧಿಸುವ ಕಾಯಿದೆ ಬಂತು. ಕರ್ನಾಟಕ 2025ರಲ್ಲಿ ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲವಂತದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಪುಸ್ತಿಕೆ ಮಾಡಬಹುದಾದದ್ದು ಚಿಕ್ಕ ಕೆಲಸ: ಬಿದ್ದವನು ತಾನೊಬ್ಬನೇ ಪಾಪಿಯೆಂದು ತಿಳಿಯದಂತೆ ನೋಡಿಕೊಳ್ಳುವುದು. ಇದು ಚಿಕ್ಕದಾದರೂ ಹಗುರವಲ್ಲ. ಖಾತೆಯಿಂದ ಹಣ ಕಳುವಾದರೆ ಎಷ್ಟು ಬೇಗ ತಿಳಿಸುತ್ತೇವೋ ಅಷ್ಟು ರಕ್ಷಣೆ. ತನ್ನ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಹೋದ ಹಣವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊರೆ ಇರಬಾರದೆಂದು 2017ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಸೈಬರ್ ಮೋಸಕ್ಕೆ 1930 ಎಂಬ ಸಹಾಯವಾಣಿ ಇದೆ. ನಾಚಿಕೆಯಿಂದ ಬಾಯಿ ಮುಚ್ಚಿ ಕಳೆದ ದಿನಗಳೇ ದುಬಾರಿ ದಿನಗಳು. ನನ್ನ ಸೋದರಳಿಯ ಮೂರು ತಿಂಗಳು ಕಳೆದ.

ಕೊನೆಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಕಷ್ಟದ್ದು. ಎಚ್ಚರದಿಂದಿರು ಎಂದು ಎದುರಿನವನಿಗೆ ಹೇಳಿದ ಮಾತ್ರಕ್ಕೆ ನನ್ನ ಹೊಣೆ ತೀರುತ್ತದೆಯೇ? ನಾನೂ ಎಷ್ಟೋ ಕಾಗದಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ “ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ” ಎಂದಿದ್ದೇನೆ. ಸಾಲಿನಲ್ಲಿ ಜನ ನಿಂತಿದ್ದರು, ಊಟದ ಹೊತ್ತಾಗಿತ್ತು ಎಂಬ ಸಬೂಬು ನನಗಿದೆ. ಆದರೂ ಓದದೆ ಸಹಿ ಹಾಕುವುದನ್ನು ಆ ಜನಕ್ಕೆ ಕಲಿಸಿದವನು ನಾನೇ. ಆಮೇಲೆ ಭಾನುವಾರ ಕುಳಿತು “ಓದದೆ ಸಹಿ ಹಾಕಬೇಡಿ” ಎಂದು ಪುಸ್ತಿಕೆ ಬರೆದವನೂ ನಾನೇ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಇಲ್ಲಿ ನೆನೆಯುತ್ತೇನೆ. ಟಿ.ಎಂ.ಎ. ಪೈಯವರು ಅದರ ಸ್ಥಾಪಕರಲ್ಲೊಬ್ಬರು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಏಜೆಂಟರು ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದರು. ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು; ಪಿಗ್ಮಿ ಎಂಬ ಮಾತು ಮಾತ್ರ ಕನ್ನಡದ ಮಾತೇ ಆಗಿ ಉಳಿದಿದೆ. ಬ್ಯಾಂಕೆಂದರೆ ಹೆದರಬೇಡಿ ಎಂದು ಜನಕ್ಕೆ ಬೋಧಿಸಿ ಗೆದ್ದ ಕೆಲಸವಲ್ಲ ಅದು. ಹೆದರುವವರ ಬಾಗಿಲಿಗೆ ಬ್ಯಾಂಕೇ ನಡೆದು ಹೋಯಿತು, ಅವರ ಭಾಷೆಯಲ್ಲಿ ಮಾತಾಡಿತು, ಅವರ ಎರಡಾಣೆಯನ್ನು ಮರ್ಯಾದೆಯಿಂದ ಎಣಿಸಿತು. ಧೈರ್ಯ ಒಬ್ಬನೊಳಗೆ ತಾನಾಗಿ ಬೆಳೆಯುವುದು ಕಡಿಮೆ. ಎದುರಿಗಿರುವವನ ನಡತೆಯನ್ನು ನೋಡಿ ಅದು ಬರುತ್ತದೆ, ನೋಡಿಯೇ ಹೋಗುತ್ತದೆ.

ಪುಸ್ತಿಕೆಯನ್ನು ಮತ್ತೆ ಬರೆದೆ. ಗಾದೆಗಳು ಹೋದವು. ಬದಲಿಗೆ ಪುಟಕ್ಕೊಂದು ಕಾಗದ: ತುಂಬಿದ ಚಲನ್, ಸಂಬಳದ ಚೀಟಿ, ಸಾಲದ ಹೇಳಿಕೆ, ಫೋನಿಗೆ ಬರುವ ಸುಳ್ಳು ಸಂದೇಶ. ಪ್ರತಿ ಕಾಗದದ ಕೆಳಗೆ, ಅದನ್ನು ಹಿಡಿದುಕೊಂಡು ಕೇಳಬಹುದಾದ ಎರಡು ಪ್ರಶ್ನೆಗಳು, ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ. ಒಂದು ಚಲನನ್ನು ಬೇಕೆಂದೇ ತಪ್ಪಾಗಿ ತುಂಬಿ, ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ತುಂಬಿ ತೋರಿಸಿದೆ. ತಪ್ಪು ಬರೆದರೆ ಇನ್ನೊಂದು ಚಲನ್ ತೆಗೆದುಕೊಂಡರಾಯಿತು, ಇನ್ನೇನೂ ಆಗುವುದಿಲ್ಲ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಅಚ್ಚಿಗೆ ಕೊಡುವ ಮೊದಲು ಸೋದರಳಿಯನಿಗೆ ಓದಲು ಕೊಟ್ಟೆ. ಅವನೀಗ ಕೆಲಸಕ್ಕೆ ಹೋಗುತ್ತಿದ್ದಾನೆ. ಅಮ್ಮನ ಬಳೆ ಬಿಡಿಸಲು ತಿಂಗಳು ತಿಂಗಳು ಕಟ್ಟುತ್ತಿದ್ದಾನೆ. ಕೊನೆಯ ಪುಟದಲ್ಲಿ “ಮೋಸ ಹೋಗುವವರು ಆಸೆಬುರುಕರು” ಎಂಬ ವಾಕ್ಯವನ್ನು ನಾನು ಮರೆತು ಹಾಗೇ ಬಿಟ್ಟಿದ್ದೆ. ಅವನು ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ತನ್ನ ಅಕ್ಷರದಲ್ಲಿ ಬರೆದಿದ್ದ: “ಏನಾದರೂ ಆದರೆ ಅವತ್ತೇ ಯಾರಿಗಾದರೂ ಹೇಳಿ. ಬೈದರೂ ಪರವಾಗಿಲ್ಲ, ಹೇಳಿ.”

ಹಾಗೆಯೇ ಅಚ್ಚಿಗೆ ಕೊಟ್ಟೆ. ‘ಬೈದರೂ’ ಎಂಬ ಮಾತನ್ನು ಬಿಡಬಹುದಿತ್ತೆಂದು ಮೇಷ್ಟರು ಹೇಳಿದರು. ನಾನು ಒಪ್ಪಲಿಲ್ಲ. ಅದು ನನಗೆ ಬರೆದ ಮಾತು.